ಅಕ್ಕೋರ ಪೇಟಿಯ ಮುಸುಕು

ಗಜೇಂದ್ರಗಡದಲ್ಲಿ ಬಟ್ಟೆಗೆ ಬರವಿರಲಿಲ್ಲ. ಒಂದು ಓಣಿ ದಾಟುವಷ್ಟರಲ್ಲಿ ಹತ್ತು ಮನೆಯ ಮಗ್ಗದ ಸದ್ದು ಕಿವಿಗೆ ಬೀಳುತ್ತಿದ್ದ ಊರು ಅದು. ಅಂಥ ಊರಿನಲ್ಲಿದ್ದುಕೊಂಡು, ತಮ್ಮ ಹಾರ್ಮೋನಿಯಂ ಪೇಟಿಯ ಮೇಲೆ ಊರಿನಲ್ಲೇ ಅತಿ ಕೆಟ್ಟ ಬಟ್ಟೆಯನ್ನು ಮುಸುಕು ಹಾಕಿಕೊಂಡಿದ್ದವರು ನಮ್ಮ ಹೈಸ್ಕೂಲಿನ ಸಂಗೀತದ ಅಕ್ಕೋರು ಒಬ್ಬರೇ. ಗಜಕ್ಕಿಂತ ತುಸು ಉದ್ದದ ಕೆಂಪು ಬಟ್ಟೆ. ಅದರ ಅರ್ಧ ಭಾಗ ಒಂದು ಕಡೆ ಜಾಳು, ಇನ್ನೊಂದು ಕಡೆ ಗಂಟು, ಅಂಚಿನ ದಡಿಯಂತೂ ಎತ್ತು ಉಚ್ಚೆ ಹೊಯ್ದ ಹಾಗೆ ಸೊಟ್ಟ. ಉಳಿದರ್ಧ ಪರವಾಗಿಲ್ಲ ಅನ್ನುವ ಹಾಗಿತ್ತು. ಅಕ್ಕೋರು ಯಾವಾಗಲೂ ಆ ಕೆಟ್ಟ ಅರ್ಧವೇ ಎದುರಿಗೆ ಕಾಣುವಂತೆ ಹಾಸುತ್ತಿದ್ದರು. ಶಾಲೆಯ ತಪಾಸಣೆಗೆ ಅಧಿಕಾರಿಗಳು ಬರುವ ದಿನ ನಾನೊಮ್ಮೆ ಅದನ್ನು ತಿರುಗಿಸಿ ಚೆನ್ನಾಗಿರುವ ಭಾಗವನ್ನು ಮುಂದೆ ಮಾಡಿಟ್ಟಿದ್ದೆ. ಅವರು ಬಂದು ನೋಡಿ ಮತ್ತೆ ತಿರುಗಿಸಿದರು.

ಹೋದ ಮಳೆಗಾಲದಲ್ಲಿ ಅಕ್ಕೋರು ನರಗುಂದದಲ್ಲಿ ತೀರಿಕೊಂಡರೆಂಬ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಆ ಬಟ್ಟೆ. ನಾಚಿಕೆಯಾಯಿತು. ಆಮೇಲೆ ಕೂತು ಯೋಚಿಸಿದರೆ, ನೆನಪಾಗಬೇಕಾದ್ದೇ ನೆನಪಾಗಿತ್ತು.

ಅವರಿಗೊಂದು ಹೆಸರಿತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಅದನ್ನು ಯಾರೂ ಬಳಸಿದ್ದು ಕಾಣೆ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ಆದರೆ ಗಜೇಂದ್ರಗಡದಲ್ಲಿ ಬರೀ ಅಕ್ಕೋರು ಅಂದರೆ ಇವರೊಬ್ಬರೇ, ಉಳಿದವರಿಗೆ ಇಂಗ್ಲಿಷ್ ಅಕ್ಕೋರು, ಹಿಂದಿ ಅಕ್ಕೋರು ಎಂದು ಬಾಲ ಹಚ್ಚಬೇಕಾಗುತ್ತಿತ್ತು. ಕುಳ್ಳಗಿನ, ಸಣಕಲು ಮೈಯ ಹೆಂಗಸು. ಪೇಟಿಯನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ತಮ್ಮ ಬಾಡಿಗೆ ಕೋಣೆಯಿಂದ ಶಾಲೆಯವರೆಗೆ ಅದನ್ನು ಸೊಂಟದ ಮೇಲೆ ಕೂಸಿನ ಹಾಗೆ ಎತ್ತಿಕೊಂಡು ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಇರಲಿಲ್ಲ.

ನಾನು ಗಣಿತದ ಮಾಸ್ತರ. ಈಗ ನಿವೃತ್ತನಾಗಿ ರೋಣದಲ್ಲಿ ಮನೆ ಮಾಡಿಕೊಂಡಿದ್ದೇನೆ. ಸಂಗೀತಕ್ಕೂ ನನಗೂ ಆಗ ಇದ್ದ ನಂಟು ಇಷ್ಟೇ: ಅಕ್ಕೋರ ಪಿರಿಯಡ್ಡುಗಳನ್ನು ಕದಿಯುತ್ತಿದ್ದೆ. ಸಂಕ್ರಾಂತಿ ಕಳೆದರೆ ಸಾಕು, ಹತ್ತನೆಯ ತರಗತಿಯ ಪಾಠ ಮುಗಿದಿಲ್ಲವೆಂದು ಅವರ ಪಿರಿಯಡ್ಡಿಗೆ ನಾನೇ ಮೊದಲು ಒಳಗೆ ಹೋಗಿ ಬೋರ್ಡಿನ ಮೇಲೆ ತ್ರಿಕೋನ ಬರೆದುಬಿಡುತ್ತಿದ್ದೆ. ಅವರು ಪೇಟಿ ಹೊತ್ತು ಬಾಗಿಲಲ್ಲಿ ನಿಲ್ಲುವರು. ಜಗಳವಾಡುತ್ತಿರಲಿಲ್ಲ.

"ತಗೋರಿ ಮಾಸ್ತರ, ನಿಮಗ ಬೇಕಂದ್ರ ತಗೋರಿ. ಆದರ ನಾ ಇಲ್ಲೇ ಹಿಂದ ಕುಂದರ್ತೀನಿ" ಎಂದು ಹಿಂದಿನ ಬೆಂಚಿನಲ್ಲಿ ಹುಡುಗಿಯರ ನಡುವೆ ಕೂತುಬಿಡುತ್ತಿದ್ದರು. ಪಾಠ ಮುಗಿದ ಮೇಲೆ ಹೊರಗೆ ಬಂದು ತಣ್ಣಗೆ ಹೇಳುವರು. "ಮಗ್ಗಿ ಚಲೋ ಹೇಳಸ್ತೀರಿ. ಆದರ ಹದಿಮೂರರ ಮಗ್ಗಿ ಬಂದ ಕೂಡ್ಲೆ ನಿಮ್ಮ ಲಯ ಓಡತೈತಿ. ಅಂಜ್ತೀರೇನು?"

ಹದಿಮೂರರ ಮಗ್ಗಿಗೆ ನಾನು ಬಾಲ್ಯದಿಂದಲೂ ಅಂಜುತ್ತಿದ್ದೆ. ಹೆಂಡತಿಗೂ ಹೇಳದ ಗುಟ್ಟು ಅದು.

ಅವರು ನರಗುಂದದಲ್ಲಿ ಗುರುಗಳ ಮುಂದೆ ಹನ್ನೆರಡು ವರ್ಷ ಕೂತು ಕಲಿತವರು, ಸಂಗೀತದ ಪರೀಕ್ಷೆಗಳನ್ನೆಲ್ಲ ಕಟ್ಟಿ ಪಾಸಾದವರು. ಅವರ ಹತ್ತಿರ ಉದ್ದನೆಯ ಒಂದು ನೋಟುಬುಕ್ಕು ಇತ್ತು. ಅದರಲ್ಲಿ ಪ್ರತಿ ಹಾಡಿಗೂ ಸ್ವರ ಬರೆದು, ಅದರ ಕೆಳಗೆ ಕೆಂಪು ಶಾಯಿಯಲ್ಲಿ ತಾಳದ ಏಟು ಎಲ್ಲೆಲ್ಲಿ ಬೀಳಬೇಕೆಂದು ಗುರುತು ಹಾಕಿರುತ್ತಿದ್ದರು. ಬಂದ ಹೊಸದರಲ್ಲಿ ಆ ನೋಟುಬುಕ್ಕಿನೊಳಗೆ ಇರುವುದು ಮಾತ್ರ ಅವರಿಗೆ ಸಂಗೀತ. ಹೊರಗಿರುವುದೆಲ್ಲ ಹಾಡು. "ಹಾಡು ಎಲ್ಲಾರೂ ಹಾಡ್ತಾರ್ರಿ" ಎಂದು ಅವರು ಅಂದಾಗ ಆ 'ಎಲ್ಲಾರೂ' ಎಂಬುದರಲ್ಲಿ ನಾನೂ ಸೇರಿದ್ದೇನೆಂದು ಗೊತ್ತಾಗುತ್ತಿತ್ತು.

ಶಾಲೆಯ ಕಾರ್ಯಕ್ರಮಗಳಿಗೆ ತಬಲಾ ನುಡಿಸಲು ಒಬ್ಬ ಕಾಕಾ ಬರುತ್ತಿದ್ದ. ತಗಡಿನ ಡಬ್ಬಿ, ಕೊಡಗಳಿಗೆ ಬೆಸುಗೆ ಹಾಕುವ ಅಂಗಡಿ ಅವನದು. ಮೊಹರಮ್ಮಿನಲ್ಲಿ ಅವನು ತಾಸೆ ಬಾರಿಸಲು ನಿಂತರೆ ಪಕ್ಕದ ಪುರ್ತಗೇರಿಯಿಂದಲೂ ಜನ ಕೇಳಲು ಬರುತ್ತಿದ್ದರು. ಅಕ್ಕೋರು ಅವನನ್ನೂ ಬಿಡಲಿಲ್ಲ. ಈಗ ನುಡಿಸಿದ್ದು ಯಾವ ತಾಳ, ಎಷ್ಟು ಮಾತ್ರೆ, ಬಾಯಲ್ಲಿ ಹೇಳು ಎಂದು ಹಿಡಿದು ಕೂಡಿಸಿದರು.

"ಹೆಸರು ನನಗ ಗೊತ್ತಿಲ್ರಿ ಅಕ್ಕೋರ. ಕೈಗೆ ಗೊತ್ತೈತಿ" ಎಂದ ಕಾಕಾ.

"ಬಾಯಿಗೆ ಬರಲಾರದ್ದು ಕೈಗೆ ಹ್ಯಾಂಗ ಗೊತ್ತಿರತೈತಿ?" ಎಂದರು ಅಕ್ಕೋರು. ಒಂದು ವಾರ ಎಣಿಸಿ ಎಣಿಸಿ ನುಡಿಸಿದ ಮೇಲೆ ಕಾಕಾನ ಕೈ ಎಲ್ಲಿ ಬೀಳಬೇಕೋ ತಿಳಿಯದೆ ಗಾಳಿಯಲ್ಲೇ ನಿಲ್ಲತೊಡಗಿತು. ಅವನೇ ಒಂದು ದಿನ ಕೈ ಮುಗಿದು, "ನನ್ನ ಬಿಟ್ಟು ಬಿಡ್ರಿ, ಮೊಹರಮ್ ಬಂತು" ಎಂದ. ನಾವೆಲ್ಲ ನಕ್ಕೆವು. ಅಕ್ಕೋರೂ ನಕ್ಕರು. ಆಗ ಯಾರಾದರೂ ಸ್ವಲ್ಪ ತಲೆ ಓಡಿಸಿದ್ದರೆ ಮುಂದಿನದು ತಪ್ಪುತ್ತಿತ್ತು.

ಮುಂದಿನದು ಎಂದರೆ ಸರೋಜಾಳದು. ಒಂಬತ್ತನೆಯ ತರಗತಿಯ ಹುಡುಗಿ. ಅವಳ ತಾಯಿ ಸಾವಕ್ಕ ಮನೆಯಲ್ಲಿ ಸೀರೆ ನೇಯುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಸರೋಜಾಳೂ ಮಗ್ಗಕ್ಕೆ ಕೂರುತ್ತಿದ್ದಳು. ನನ್ನ ತರಗತಿಯಲ್ಲಿ ಭಿನ್ನರಾಶಿ ಕಂಡರೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಅದೇ ಹುಡುಗಿ ನೂರಾರು ಎಳೆಗಳ ದಡಿಯಲ್ಲಿ ಒಂದು ಎಳೆ ತಪ್ಪಿದ್ದರೆ ದೂರದಿಂದಲೇ ಹೇಳುತ್ತಿದ್ದಳು. ಮತ್ತು ಹಾಡುತ್ತಿದ್ದಳು. ಮಗ್ಗದಲ್ಲಿ ಕೂತು ಅವಳು ಹಾಡುವುದನ್ನು ಓಣಿಯಲ್ಲಿ ಹಾದುಹೋಗುತ್ತಿದ್ದ ಅಕ್ಕೋರು ಒಂದು ಸಂಜೆ ಕೇಳಿ, ಅಲ್ಲೇ ಕಟ್ಟೆಯ ಮೇಲೆ ಪೇಟಿ ಇಳಿಸಿ ನಿಂತುಬಿಟ್ಟರಂತೆ.

"ಮಾಸ್ತರ, ಆ ಹುಡುಗಿ ಕಂಠ ಐತಲ್ಲ, ದೇವರು ಕೊಟ್ಟದ್ದು. ನಾ ಆಕೀನ ಪರೀಕ್ಷಾಕ್ಕ ಕೂಡ್ರಸ್ತೀನಿ" ಎಂದು ಮರುದಿನ ನನ್ನ ಮುಂದೆ ಹೇಳಿದಾಗ ಅವರ ಮುಖ ಹೊಳೆಯುತ್ತಿತ್ತು.

ಸಂಗೀತದ ಮೊದಲ ಪರೀಕ್ಷೆ ರೋಣದಲ್ಲಿ ನಡೆಯುವುದಿತ್ತು. ರಾಗಗಳ ಜೊತೆಗೆ ತಮ್ಮ ಇಷ್ಟದ ಒಂದು ಹಾಡನ್ನೂ ಹಾಡಬೇಕು, ಕೈಯಲ್ಲಿ ತಾಳ ತೋರಿಸಬೇಕು. ಸರೋಜಾಳ ಇಷ್ಟದ ಹಾಡೆಂದು ಅಕ್ಕೋರು ಅವಳ ಮಗ್ಗದ ಹಾಡನ್ನೇ ಆರಿಸಿ ನೋಟುಬುಕ್ಕಿಗೆ ಇಳಿಸಿದರು. ಅವಳ ಅಜ್ಜಿ ಕಟ್ಟಿದ್ದಂತೆ ಆ ಹಾಡು.

ಹೋಗಿ ಬಾ ಲಾಳಿ ಆ ದಂಡಿ ಊರಿಗೆ
ಅವ್ವಗ ಹೇಳ ಬಾ ನಾ ಚಲೋ ಅದೀನಿ

ಮಗ್ಗದಲ್ಲಿ ಲಾಳಿ ಈ ದಂಡಿಯಿಂದ ಆ ದಂಡಿಗೆ, ಅಂದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೂಲು ಒಯ್ಯುತ್ತದಲ್ಲ, ಅದಕ್ಕೆ ಹೇಳುವ ಮಾತು ಅದು. ಅಕ್ಕೋರು ಅದನ್ನು ಎಂಟು ಮಾತ್ರೆಯ ತಾಳಕ್ಕೆ ಕೂಡಿಸಿ, ಮೊದಲ ಏಟಿಗೆ 'ಹೋ' ಎಂದು ಬರೆದರು. ಯಾರಾದರೂ ಹಾಗೇ ಬರೆಯುತ್ತಿದ್ದರು. ಹಾಡಿನ ಮೊದಲ ಅಕ್ಷರ, ತಾಳದ ಮೊದಲ ಏಟು.

ಸರೋಜಾಳಿಗೆ ಅದು ಬರಲಿಲ್ಲ. ಕೈಯಲ್ಲಿ ತಾಳ ಹಾಕಿದರೆ ಹಾಡು ತಪ್ಪುವುದು, ಹಾಡು ಹಿಡಿದರೆ ಕೈ ತಪ್ಪುವುದು. ಅಷ್ಟರಲ್ಲಿ ಅವಳ ಎರಡೂ ಕಾಲು ತಮ್ಮಷ್ಟಕ್ಕೆ ತಾವು ನೆಲವನ್ನು ಒಂದಾದ ಮೇಲೊಂದು ತುಳಿಯುತ್ತಿದ್ದವು. ಅಕ್ಕೋರು ನನ್ನನ್ನು ಕೇಳಿದರು. "ಮಾಸ್ತರ, ನೀವು ಎಣಿಕಿ ಮಂದಿ. ಏನ ಮಾಡೂಣು?"

ಬುದ್ಧಿ ಹೇಳಲು ಕೇಳಿದರೆ ನಾನು ಬಿಡುವವನಲ್ಲ. "ಕಾಲು ಬಂದ್ ಮಾಡಸ್ರಿ. ಒಂದು, ಎರಡು ಅಂತ ಬಾಯಲೆ ಎಣಸಾಕ ಹಚ್ಚರಿ. ಎಣಿಕಿ ಪಕ್ಕಾ ಆತಂದ್ರ ಹಾಡು ತಾನ ಅದರಾಗ ಕುಂದರತೈತಿ" ಎಂದೆ.

ಅಕ್ಕೋರು ಅವಳನ್ನು ಚಕ್ಕಳಮಕ್ಕಳ ಹಾಕಿ ಕೂಡಿಸಿ, ಪಾದಗಳೆರಡನ್ನೂ ಜಡೆಯ ರಿಬ್ಬನ್ನಿನಿಂದ ಸಡಿಲವಾಗಿ ಕಟ್ಟಿದರು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಕಟ್ಟಿದರು. ಎರಡು ತಿಂಗಳು ಆ ಹುಡುಗಿ ಹಾಗೆ ಕೂತು ಎಣಿಸಿದಳು. ಆ ರಿಬ್ಬನ್ನು ನೀಲಿ ಬಣ್ಣದ್ದು. ಈಗಲೂ ಅಂಗಡಿಯಲ್ಲಿ ಅಂಥದ್ದು ಕಂಡರೆ ನಾನು ಬೇರೆ ಕಡೆ ನೋಡುತ್ತೇನೆ.

ಪರೀಕ್ಷೆಯ ದಿನ ನಾನೂ ರೋಣಕ್ಕೆ ಜೊತೆಗೆ ಹೋಗಿದ್ದೆ. ರಾಗಗಳನ್ನು ಹೇಗೋ ಹಾಡಿದಳು. ಮಗ್ಗದ ಹಾಡು ಬಂದಾಗ ನಮ್ಮ ಜೊತೆಗೇ ಬಂದಿದ್ದ ಕಾಕಾ ತಬಲಾದ ಮೇಲೆ ಸುರು ಮಾಡಿದ. ಸರೋಜಾ ಕೈಯಲ್ಲಿ ಎಂಟು ಎಣಿಸಿದಳು. ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಮತ್ತೆ ಎಂಟು ಎಣಿಸಿದಳು. ಪರೀಕ್ಷಕರು ಒಳ್ಳೆಯವರು, "ಅವಸರಿಲ್ಲವಾ, ಸಾವಕಾಶ ಹಾಡು" ಎಂದರು. ಮೂರನೆಯ ಸಲ ಅವಳ ಬಾಯಿ ತೆರೆದೇ ಇತ್ತು, ಕೈ ಎಣಿಸುತ್ತಲೇ ಇತ್ತು. ಕಾಕಾ ತಬಲಾದಿಂದ ಎರಡೂ ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ವಾಪಸು ಬರುವಾಗ ಬಸ್ಸಿನಲ್ಲಿ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಫೇಲಾಗುವುದು ನಮ್ಮ ಶಾಲೆಗೆ ಹೊಸದಲ್ಲ. ಮುಂದಿನ ವರ್ಷ ಕಟ್ಟಿದರಾಯಿತು ಎಂದುಕೊಂಡಿದ್ದೆವು. ಆದರೆ ಹದಿನೈದು ದಿನಕ್ಕೆ ಸಾವಕ್ಕ ಶಾಲೆಗೆ ಬಂದಳು. ಕಂಕುಳಲ್ಲಿ ಒಂದು ಸೀರೆ. ಸ್ಟಾಫ್ ರೂಮಿನ ಮೇಜಿನ ಮೇಲೆ ಅದನ್ನು ಬಿಚ್ಚಿ ನನ್ನ ಕಡೆ ತಿರುಗಿದಳು.

"ಮಾಸ್ತರ, ಇದು ನಿಮ್ಮ ಮನಿಯವರಿಗೆ ನೇಯಾಕ ಹೇಳಿದ್ದ ಸೀರಿ. ದಡಿ ನೋಡ್ರಿ."

ದಡಿ ನಡುವಿನಿಂದ ಹದಗೆಟ್ಟಿತ್ತು. ಒಂದು ಕಡೆ ಅಡ್ಡ ಹಾಯುವ ಹೊಕ್ಕಿನ ನೂಲು ಎರಡೆರಡು ಸಲ ಬಿದ್ದಿತ್ತು, ಇನ್ನೊಂದು ಕಡೆ ಬಿದ್ದೇ ಇರಲಿಲ್ಲ.

"ಏನಾತ ಸಾವಕ್ಕ?" ಎಂದೆ.

"ನೀವ ಹೇಳಬೇಕ್ರಿ. ಹುಡುಗಿ ಮಗ್ಗದಾಗ ಹಾಡೂದ ಬಿಟ್ಟಾಳ. ಹಾಡಿಲ್ಲಂದ್ರ ಆಕಿ ಕಾಲಿಗೆ ಹ್ಯಾಂಗ ಗೊತ್ತಾಗಬೇಕು? ಎಣಸ್ಕೋತ ಕುಂದರ್ತಾಳ. ಎಣಸಾಕ ಹ್ವಾದ್ರ ಲಾಳಿ ಬೀಳತೈತಿ, ಲಾಳಿ ಹಿಡದ್ರ ಎಣಿಕಿ ತಪ್ಪತೈತಿ." ಆಮೇಲೆ ಅಕ್ಕೋರ ಕಡೆ ತಿರುಗಿ, ದನಿ ಇಳಿಸಿ ಹೇಳಿದಳು. "ನಾ ಸಾಲಿ ಕಲತಾಕಿ ಅಲ್ರಿ ಅಕ್ಕೋರ. ನಿಮಗ ತಪ್ಪು ಹಚ್ಚಾಕ ಬಂದಿಲ್ಲ. ಸೀರಿ ಹ್ವಾದ್ರ ಹೋಗವಲ್ದು. ಹುಡುಗಿ ಹಾಡು ನಿಮ್ಮ ಹಂತ್ಯಾಕ ಉಳದೈತಿ. ಅದನ್ನ ವಾಪಸ್ ಕೊಟ್ಟ ಬಿಡ್ರಿ."

ಅಕ್ಕೋರ ಕೈ ಸೀರೆಯ ದಡಿಯ ಮೇಲೆ ಅತ್ತಿಂದಿತ್ತ ಆಡುತ್ತಿತ್ತು. ಸಾವಕ್ಕ ಹೋದ ಮೇಲೆ ನನಗೆ ಅಂದರು, "ಮಾಸ್ತರ, ಸಂಜಿಕಿ ಬರ್ರಿ ನನ್ನ ಜೋಡಿ. ತಪ್ಪು ಇಬ್ಬರದೂ ಐತಿ."

ಸಂಜೆ ಹೋದೆವು. ಸರೋಜಾ ನಮ್ಮನ್ನು ನೋಡಿ ಮೂಲೆಗೆ ಹೋಗಿ ರಾಟೆಯ ಮುಂದೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತತೊಡಗಿದಳು. ಮುಖ ಗೋಡೆಯ ಕಡೆ. ಅಕ್ಕೋರು ಸಾವಕ್ಕನಿಗೆ ಮಗ್ಗದಲ್ಲಿ ಕೂತು ಆ ಹಾಡನ್ನು ಹಾಡಲು ಕೇಳಿದರು. ಅದು ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಪಾದದಡಿಗೆ ಎರಡು ಹಲಗೆ. ಒಂದನ್ನು ತುಳಿದರೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಬೇರೆಯಾಗಿ ನಡುವೆ ದಾರಿ ತೆರೆಯುತ್ತದೆ, ಲಾಳಿ ಹಾಯುತ್ತದೆ, ಆಮೇಲೆ ಬಾಚಣಿಗೆಯಂಥ ಫಣಿ ಎಳೆದು ನೂಲನ್ನು ಬಡಿದು ಕೂಡಿಸಬೇಕು. ಸಾವಕ್ಕ ಹಾಡುತ್ತ ನೇಯ್ದಳು. ಅಕ್ಕೋರು ನೋಡಿದರು, ಕೇಳಿದರು, ಮತ್ತೊಮ್ಮೆ ಹಾಡಿಸಿದರು. ಮೂರನೆಯ ಸಲ ಅವರ ಮುಖ ಬಿಳುಚಿತು.

ಲಾಳಿ ಹಾಯುವಾಗ 'ಹೋಗಿ ಬಾ'. ಅದು ಗಾಳಿಯಲ್ಲಿ. ಫಣಿ ಬಡಿಯುವುದು 'ಲಾಳಿ' ಎನ್ನುವಾಗ. ಹಾಡಿನ ಮೊದಲ ಏಟು ಇದ್ದದ್ದು ಅಲ್ಲಿ, 'ಹೋ' ಎಂಬಲ್ಲಿ ಅಲ್ಲ. ಅಕ್ಕೋರು ಎರಡು ತಿಂಗಳು ಆ ಹುಡುಗಿಯಿಂದ ಎಣಿಕೆ ಹಾಕಿಸಿದ್ದು ಹಾಡು ಇಲ್ಲದ ಜಾಗದಲ್ಲಿ.

ದಾರಿಯಲ್ಲಿ ಅವರು ಅಂದದ್ದು ನನಗೆ ಮಾತು ಮಾತಿಗೂ ನೆನಪಿದೆ. "ಖ್ಯಾಲ್ ಹಾಡೂ ಮುಂದ ಇದನ್ನ ನಾ ದಿನಾ ಮಾಡ್ತೀನಿ ಮಾಸ್ತರ. ಮಾತು ಮೊದಲ ಹೊಂಡತೈತಿ, ಏಟು ಆಮ್ಯಾಲ ಬೀಳತೈತಿ. ಅದನ್ನ ನಮ್ಮ ಗುರುಗಳು ಎರಡು ವರ್ಷ ತಿದ್ದಿದ್ರು ನನಗ. ಆ ಮರ್ಯಾದಿ ಸಾವಕ್ಕನ ಹಾಡಿಗೆ ಯಾಕ ಕೊಡಲಿಲ್ಲ ನಾ?"

ನನಗೂ ನಾಚಿಕೆಯಾಗಿತ್ತು.

ಮರುದಿನವೇ ಅವರು ನೋಟುಬುಕ್ಕಿನಲ್ಲಿ ಆ ಪುಟವನ್ನು ಹೊಸದಾಗಿ ಬರೆದು ಸರೋಜಾಳ ಮುಂದೆ ಹಿಡಿದರು. ಇಲ್ಲಿಗೆ ಕಥೆ ಮುಗಿಯಿತೆಂದು ನಾನು ತಿಳಿದೆ. ಲೆಕ್ಕ ತಪ್ಪಿತ್ತು, ತಪ್ಪು ಸಿಕ್ಕಿತು, ತಿದ್ದಿದೆವು. ಸರೋಜಾ ಪುಟವನ್ನು ನೋಡಲೂ ಇಲ್ಲ. "ಬ್ಯಾಡ್ರಿ ಅಕ್ಕೋರ" ಎಂದು ಮೆಲ್ಲಗೆ ಹೇಳಿ ಹೋಗಿಬಿಟ್ಟಳು.

ಬೇಸಿಗೆ ರಜೆ ಬಂತು. ಪ್ರತಿ ವರ್ಷ ರಜೆಯ ಮೊದಲ ಬಸ್ಸಿಗೇ ನರಗುಂದಕ್ಕೆ ಹೋಗುತ್ತಿದ್ದ ಅಕ್ಕೋರು ಆ ವರ್ಷ ಹೋಗಲಿಲ್ಲ. ಸಾವಕ್ಕನ ಮನೆಗೆ ಹೋಗಿ, "ನನಗ ಮಗ್ಗಕ್ಕ ಕೂಡ್ರಾಕ ಕಲಸ್ರಿ" ಎಂದರು. ಸಾವಕ್ಕ ನಕ್ಕಳು, ಬೇಡವೆಂದಳು, ಕೊನೆಗೆ ಒಪ್ಪಿದಳು. ಸೀರೆ ಇಳಿಸಿದ ಮೇಲೆ ಇನ್ನೊಂದು ಸೀರೆಗೆ ಸಾಲದಷ್ಟು ಹಾಸು ಮಗ್ಗದ ಮೇಲೆ ಉಳಿದಿರುತ್ತದೆ. ಆ ತುಂಡು ಹಾಸಿನ ಮೇಲೆ ಅಕ್ಕೋರ ನೇಯ್ಗೆ ಸುರುವಾಯಿತು.

ಅದೊಂದು ತಮಾಷೆ. ಐವತ್ತು ಹತ್ತಿರವಾದ ಹೆಂಗಸು, ಮೊಣಕಾಲು ನೋವು ಬೇರೆ. ಕುಣಿಯೊಳಗೆ ಇಳಿಯಲು ಹತ್ತು ನಿಮಿಷ, ಹತ್ತಿ ಬರಲು ಹತ್ತು ನಿಮಿಷ. "ಎಡಗಾಲು! ಎಡಗಾಲ್ರೀ ಅಕ್ಕೋರ! ಅಯ್ಯ, ಅದು ಬಲಗಾಲು!" ಎಂದು ಸಾವಕ್ಕ ಕೂಗುವುದು ಓಣಿಯ ಆಚೆಗೆ ಕೇಳುತ್ತಿತ್ತು. ಊರಿಗೆಲ್ಲ ಸರಿಗಮ ಕಲಿಸಿದವರಿಗೆ ಎಡ ಯಾವುದು, ಬಲ ಯಾವುದು ತಿಳಿಯುತ್ತಿರಲಿಲ್ಲ. ಸರೋಜಾ ದಿನವೂ ಅದೇ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ಕಂಡಿಕೆ ಸುತ್ತುತ್ತಿದ್ದಳು.

ಹೆಂಡತಿಯ ಸೀರೆಯನ್ನು ಹೊಸದಾಗಿ ನೇಯುವ ಮಾತಾಡಲು ನಾನು ಹೋದ ದಿನ ಹತ್ತನೆಯದೋ ಹನ್ನೊಂದನೆಯದೋ ಇರಬೇಕು. ಸಾವಕ್ಕ ಕೊಟ್ಟ ಒಗ್ಗರಣೆ ಚುರುಮುರಿ ತಿನ್ನುತ್ತ ಬಾಗಿಲ ಹತ್ತಿರ ಕೂತಿದ್ದೆ. ಅಕ್ಕೋರು ಬಾಯಲ್ಲಿ ಒಂದು, ಎರಡು ಎಂದು ಎಣಿಸುತ್ತ ತುಳಿಯುತ್ತಿದ್ದರು. ಎಣಿಕೆ ತಪ್ಪಿತು, ಕಾಲು ತಪ್ಪಿತು, ಲಾಳಿ ಹಾಸಿನಿಂದ ಹೊರಗೆ ಚಿಮ್ಮಿ ನೆಲಕ್ಕೆ ಬಿದ್ದು ಉರುಳುತ್ತ ಹೋಗಿ ಸರೋಜಾಳ ಕಾಲಿಗೆ ತಾಗಿತು.

ಸರೋಜಾ ಅದನ್ನು ಎತ್ತಿಕೊಂಡು ತಿರುಗಿದಳು. ಕುಣಿಯೊಳಗೆ ಸಿಕ್ಕಿಬಿದ್ದು ಕಂಗಾಲಾಗಿ ಕೂತ ಅಕ್ಕೋರನ್ನು ನೋಡಿದಳು. ತಡೆಯಲಾರದೆ 'ಕಿಸಕ್' ಎಂದು ನಕ್ಕುಬಿಟ್ಟಳು. ಆಮೇಲೆ ಹತ್ತಿರ ಬಂದು ಲಾಳಿಯನ್ನು ಅವರ ಕೈಗೆ ಕೊಟ್ಟು, ಹಿಂದೆ ನಿಂತು ಹೇಳಿದಳು. "ಅಕ್ಕೋರ, ಎಣಸಬ್ಯಾಡ್ರಿ. ಎಣಿಸಿದ್ರ ಬರೂದಿಲ್ರಿ ಅದು. ನಾ ಹಾಡ್ತೀನಿ, ಕೇಳ್ರಿ."

ಮತ್ತು ಹಾಡಿದಳು. 'ಹೋಗಿ ಬಾ…' ಲಾಳಿ ಹಾಯಿತು. 'ಲಾಳಿ'. ಫಣಿ ಬಿತ್ತು.

ಅಕ್ಕೋರು ಹಿಂದೆ ತಿರುಗಿ ನೋಡಲಿಲ್ಲ. ತಿರುಗಿದರೆ ಎಲ್ಲಿ ಹಾಡು ನಿಂತುಹೋಗುತ್ತದೋ ಎಂಬ ಹೆದರಿಕೆ ಅವರ ಬೆನ್ನಿನ ಮೇಲೇ ಕಾಣುತ್ತಿತ್ತು. ಒಂದೊಂದೇ ಎಳೆ ಕೂಡಿಸುತ್ತ ಹೋದರು. ಕಣ್ಣಿನಿಂದ ನೀರು ಹಾಸಿನ ಮೇಲೆ ಬೀಳುತ್ತಿತ್ತು. "ನೂಲು ತೋಯ್ತಾವ್ರಿ ಅಕ್ಕೋರ" ಎಂದು ಸಾವಕ್ಕ ಗದರಿದಳು, ತಾನೂ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಚುರುಮುರಿ ತಿನ್ನುವುದನ್ನು ಮರೆತಿದ್ದೆ. ಆ ತುಂಡು ಹಾಸು ಮುಗಿಯುವವರೆಗೂ ಹುಡುಗಿ ಹಾಡಿದಳು.

ಇಳಿಸಿದ ಬಟ್ಟೆಯನ್ನು ಸಾವಕ್ಕ ಅಕ್ಕೋರಿಗೇ ಕೊಟ್ಟಳು. ಅದೇ ಪೇಟಿಯ ಮುಸುಕು. ಎಲ್ಲಿಯವರೆಗೆ ಒಡ್ಡೊಡ್ಡಾಗಿದೆಯೋ ಅಲ್ಲಿಯವರೆಗೆ ಎಣಿಕೆ, ಎಲ್ಲಿಂದ ಸಾಪಾಗಿದೆಯೋ ಅಲ್ಲಿಂದ ಹಾಡು. ಹಾಡು ಕೇಳಿ ಅಕ್ಕೋರ ಕಾಲು ಸರಿಯಾಯಿತು ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿದೆ, ರೋಣದಲ್ಲಿ ಹೇಳಿದೆ, ಬೀಗರ ಮನೆಯ ಊಟದ ಪಂಕ್ತಿಯಲ್ಲೂ ಹೇಳಿದೆ. ಕಣ್ಣಾರೆ ನೋಡಿದವನು ನಾನೊಬ್ಬನೇ ಗಂಡಸು, ಬಿಡುತ್ತೇನೆಯೇ?

ಸರೋಜಾ ಮತ್ತೆ ಸಂಗೀತದ ಪರೀಕ್ಷೆಗೆ ಕೂರಲಿಲ್ಲ. ಅಕ್ಕೋರು ಕೇಳಲೂ ಇಲ್ಲ. ಆದರೆ ಮುಂದಿನ ಜೂನಿನಿಂದ ಅವರ ತರಗತಿ ಬೇರೆಯಾಯಿತು. ಹೊಸದಾಗಿ ಬಂದ ಪ್ರತಿ ಹುಡುಗಿಯೂ ಮೊದಲು ಮನೆಯಿಂದ ಒಂದು ಹಾಡು ತರಬೇಕು. ಅಜ್ಜಿಯದೋ, ಭಜನೆಯದೋ, ಮೊಹರಮ್ಮಿನದೋ, ಯಾವುದಾದರೂ ಸರಿ. ನೋಟುಬುಕ್ಕಿನ ಎಡಪುಟದಲ್ಲಿ ಆ ಹಾಡು, ಯಾರಿಂದ ಬಂತೋ ಅವರ ಹೆಸರು. ಬಲಪುಟದಲ್ಲಿ ಅದಕ್ಕೆ ಹತ್ತಿರದ ರಾಗ. ರಾಗಕ್ಕೆ ಹೋಗುವ ದಾರಿ ಎಡಪುಟದಿಂದ. ಕಾಕಾನನ್ನೂ ಕರೆಸಿ ಕೂಡಿಸಿದರು. ಅವನು ನುಡಿಸುತ್ತಿದ್ದ, ಅವರು ಹುಡುಗಿಯರಿಗೆ ಹೆಸರು ಹೇಳುತ್ತಿದ್ದರು. ಹೆಸರು ಕೇಳಿದಾಗಲೆಲ್ಲ ಕಾಕಾ, "ಹೌದಾ? ಇದಕ ಹಂಗಂತಾರಾ?" ಎಂದು ತನ್ನ ಕೈಯನ್ನೇ ಹೊಸದಾಗಿ ನೋಡಿಕೊಳ್ಳುತ್ತಿದ್ದ. ಮೊದಲೆಲ್ಲ ಪೇಟಿಯ ಒಂದೇ ಸ್ವರಕ್ಕೆ ತರಗತಿಯೆಲ್ಲ ದನಿ ಕೂಡಿಸಬೇಕಾಗಿತ್ತು. ಈಗ ಹುಡುಗಿ ಹಾಡಲು ಸುರು ಮಾಡಿದ ಮೇಲೆ ಅಕ್ಕೋರು ಪೇಟಿಯ ಮೇಲೆ ಬೆರಳು ಸರಿಸಿ ಅವಳ ದನಿಯನ್ನು ಹುಡುಕಿಕೊಂಡು ಹೋಗುತ್ತಿದ್ದರು.

ನಾನೂ ಪಿರಿಯಡ್ ಕದಿಯುವುದನ್ನು ಬಿಟ್ಟೆ. ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ, ಕಡಿಮೆ ಮಾಡಿದೆ.

ಸರೋಜಾ ಹತ್ತನೆಯ ತರಗತಿ ಮುಗಿಸಿದಳು, ಗಣಿತದಲ್ಲಿ ಅಂಚಿನ ಮೇಲೆ ಪಾಸಾದಳು. ಮದುವೆಯೂ ಊರಲ್ಲೇ ಆಯಿತು, ಅಲ್ಲಿಯೂ ಮಗ್ಗ. ಶನಿವಾರ ಬೆಳಿಗ್ಗೆ ಮಾತ್ರ ಶಾಲೆಗೆ ಬಂದು ಹುಡುಗಿಯರಿಗೆ ಹಾಡು ಹೇಳಿಕೊಡುತ್ತಿದ್ದಳು. ಆಗ ಅಕ್ಕೋರು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಅವರು ನಿವೃತ್ತರಾಗಿ ನರಗುಂದಕ್ಕೆ ಹೊರಟ ದಿನ ಪೇಟಿಯನ್ನು ಬಸ್ಸಿನವರೆಗೆ ಹೊತ್ತವಳು ಸರೋಜಾ. ಯಾರ ಕೈಗೂ ಕೊಡದ ಪೇಟಿ ಅದು.

ಅವರು ತೀರಿಕೊಂಡಾಗ ಜೋರು ಮಳೆ. ಕೊಣ್ಣೂರಿನ ಸೇತುವೆಯ ಮೇಲೆ ನೀರು ಬಂದು ಆಚೆಯ ಬಂಧುಗಳೇ ಮಣ್ಣಿಗೆ ಬರಲಾಗಲಿಲ್ಲವಂತೆ. ನಾನು ಜ್ವರ ಬಂದು ಮಲಗಿದ್ದೆ. ತಿಥಿಯ ದಿನಗಳೆಲ್ಲ ಮುಗಿದ ಮೇಲೆ ಅಕ್ಕೋರ ತಮ್ಮನ ಮಗ ಫೋನು ಮಾಡಿ, "ಪೇಟಿ ಸರೋಜಾಗ ಕೊಡ್ರಿ ಅಂತ ಅತ್ತಿ ಹೇಳ್ಯಾರ್ರಿ ಸರ್" ಎಂದ. ಸರೋಜಾಳೂ ನಾನೂ ನರಗುಂದಕ್ಕೆ ಹೋದೆವು. ಪೇಟಿ ಒಂದು ಮೂಲೆಯಲ್ಲಿತ್ತು, ಮುಸುಕಿನ ಸಮೇತ. ಆ ಮನೆಯ ಸೊಸೆ, "ತಡೀರಿ, ಈ ಹಳೇ ಬಟ್ಟಿ ತಗದು ಹೊಸಾ ಟಾವೆಲ್ ಕೊಡ್ತೀನಿ" ಎಂದು ಕೈ ಹಾಕಿದಾಗ ನಾವಿಬ್ಬರೂ ಒಟ್ಟಿಗೆ "ಬ್ಯಾಡ್ರಿ!" ಎಂದು ಕೂಗಿದೆವು. ಪಾಪ, ಆ ಹುಡುಗಿ ಬೆಚ್ಚಿಬಿದ್ದಳು.

ರೋಣದ ಬಸ್ಸಿನಲ್ಲಿ ಸರೋಜಾ ಕಿಟಕಿಯ ಕಡೆ, ಅವಳ ತೊಡೆಯ ಮೇಲೆ ಪೇಟಿ. ಅವಳ ಕಿವಿಯ ಹತ್ತಿರದ ಕೂದಲು ಬೆಳ್ಳಗಾಗಿವೆ. ನನಗೆ ತಡೆಯಲಾಗಲಿಲ್ಲ. ಬಟ್ಟೆಯ ನಡುವೆ ಬೆರಳಿಟ್ಟು ನನ್ನ ಹಳೆಯ ಕಥೆ ಸುರು ಮಾಡಿದೆ. "ನೋಡವಾ, ಇಲ್ಲಿಂದ ನೀ ಹಾಡಾಕ ಹತ್ತಿದ್ದು. ಇಲ್ಲಿಂದ ಅಕ್ಕೋರ ಕಾಲು ಸರಿ ಆತು."

ಸರೋಜಾ ನನ್ನ ಮುಖ ನೋಡಿ ನಕ್ಕಳು. "ಯಾರ ಹೇಳಿದ್ರಿ ಸರ್ ನಿಮಗ? ಅಕ್ಕೋರ ಕಾಲು ಕಡೀತನಾ ಸರಿ ಆಗಲಿಲ್ಲ."

"ನಾ ಕಣ್ಣಾರೆ ನೋಡೀನಿ!"

"ನೀವು ಚುರುಮುರಿ ತಿನ್ನಾಕತ್ತಿದ್ರಿ" ಎಂದಳು. ಆಮೇಲೆ ಬಟ್ಟೆಯನ್ನು ನೇವರಿಸುತ್ತ ಹೇಳಿದಳು. "ಅವರದು ಒಮ್ಮೆ ಲಗೂ, ಒಮ್ಮೆ ತಡಾ. ನಾ ಏನ ಮಾಡಿದ್ನಿ ಅಂದ್ರ, ಅವರ ಲಾಳಿ ಆ ದಂಡಿಗೆ ಮುಟ್ಟೂತನಾ 'ಬಾ' ಅನ್ನೂದನ್ನ ಎಳಕೋತ ನಿಂತ್ನಿ. ಮುಟ್ಟಿದ ಮ್ಯಾಲ 'ಲಾಳಿ' ಅಂದ್ನಿ. ಅವರಿಗೆ ಅವಸರ ಇಲ್ದಂಗ ಆತು, ಅದಕ್ಕ ಬಟ್ಟಿ ಸಾಪ ಬಂತು. ಕಾಲು ಸರಿ ಆಗಿಲ್ಲರಿ. ಹಾಡನ್ನ ಅವರ ಕಾಲಿಗೆ ಹೊಂದಿಸೀನಿ ನಾ."

ಬಸ್ಸು ಹೊಲಗಳ ನಡುವೆ ಓಡುತ್ತಿತ್ತು. ಇಷ್ಟು ವರ್ಷ ಊರೂರು ಹೇಳಿಕೊಂಡು ಬಂದ ಲೆಕ್ಕ ತಲೆಕೆಳಗಾಗಿ ನಾನು ಪೆಚ್ಚಾಗಿ ಕೂತಿದ್ದೆ. ಕೊನೆಗೆ ಕೇಳಿದೆ. "ಅಕ್ಕೋರಿಗೆ ಗೊತ್ತಿತ್ತೇನು ಇದು?"

"ಅವರಿಗೆ ಗೊತ್ತಾಗದ ಇರತೈತೇನ್ರಿ ಸರ್? ನೀವು ಹ್ವಾದ ಮ್ಯಾಲ, ಕುಣಿಯಿಂದ ಮ್ಯಾಲೆದ್ದು ಬಂದು ನನ್ನ ಕೈ ಹಿಡಕೊಂಡ್ರು. 'ಸರೂ, ನಾ ನಿನಗ ಹಿಂಗ ಕಾಯಲಿಲ್ಲಲ್ಲ' ಅಂದ್ರು."

ಅವಳ ಕಾಲು ಬಂದ್ ಮಾಡಿಸಿ ಎಣಿಸಲು ಹಚ್ಚಿರಿ ಎಂದವನು ನಾನು ಎಂದು ಅವಳಿಗೆ ಆಗಲೂ ಗೊತ್ತಿರಲಿಲ್ಲ. ರೋಣ ಬರುವಷ್ಟರಲ್ಲಿ ಅದನ್ನೂ ಹೇಳಿಬಿಟ್ಟೆ. ಸರೋಜಾ ಪೇಟಿಯನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. ಆಮೇಲೆ, "ಅಕ್ಕೋರು ಒಮ್ಮಿನೂ ನಿಮ್ಮ ಹೆಸರು ಹೇಳಲಿಲ್ಲರಿ ಸರ್" ಎಂದಳು.

ಬಸ್‌ಸ್ಟ್ಯಾಂಡಿನಲ್ಲಿ ನಾನು ಇಳಿದೆ. ಅವಳು ಅದೇ ಬಸ್ಸಿಗೆ ಗಜೇಂದ್ರಗಡಕ್ಕೆ ಹೋಗಬೇಕಿತ್ತು. ಕೆಳಗಿನಿಂದ ಕಿಟಕಿಯೊಳಗೆ ನೋಡಿದೆ. ದಾರಿಯ ಕುಲುಕಾಟಕ್ಕೆ ಪೇಟಿಯ ಮುಸುಕು ಜಾರಿತ್ತು. ಸರೋಜಾ ಅದನ್ನು ಎತ್ತಿ, ಝಾಡಿಸಿ, ಒಡ್ಡು ಭಾಗ ಎದುರಿಗೆ ಬರುವ ಹಾಗೆ ಮತ್ತೆ ಹಾಸಿದಳು.